ಮಾವನ ಗರಗಸ, ಗುರುವಿನ ಗಾಳಿ

ಗಿರಿನಗರದಲ್ಲಿರೋ ನಮ್ಮ ಸೋದರಮಾವ ರಿಟೈರ್ ಆದ್ಮೇಲೆ ಕಾರ್ ಶೆಡ್ಡನ್ನೇ ವರ್ಕ್‌ಶಾಪ್ ಮಾಡ್ಕೊಂಡಿದ್ದಾರೆ, ಅಲ್ಲೊಂದು ಸ್ಕ್ರೋಲ್ ಸಾ ಮಷಿನ್ ಇದೆ, ಬ್ಲೇಡು ವೀಣೆ ತಂತಿ ಥರ ಸಣ್ಣಕ್ಕೆ, ಅದರಲ್ಲಿ ಪ್ಲೈವುಡ್ ಕೊಯ್ದು ಜಿಗ್‌ಸಾ ಪಝಲ್ ಮಾಡ್ತಾರೆ. ಹೋದ ತಿಂಗಳು ಒಂದು ಖಾಲಿ ಮೈಸೂರ್‌ಪಾಕ್ ಡಬ್ಬ ತಂದು ನಮ್ಮನೆ ಡೈನಿಂಗ್ ಟೇಬಲ್ ಮೇಲೆ ಸುರಿದ್ರು. "ಗುರು ಗ್ರಹ ಕಣೋ. 300 ತುಂಡಿದೆ. ಚಿತ್ರ ಕೊಡಲ್ಲ, ಜೋಡ್ಸು ನೋಡೋಣ" ಅಂದು, ಕಾಫಿ ಕುಡಿದು ಹೊರಟ್ರು.

ಎಲ್ಲರ ಹಾಗೆ ನಾನೂ ಅಂಚಿಂದ ಶುರು ಮಾಡ್ದೆ. ಗ್ರಹ ಅಂದ್ಮೇಲೆ ಮೂಲೆ ಇರಲ್ಲ, ಆದ್ರೆ ಗುಂಡಗಿರತ್ತಲ್ಲ ಅಂತ ಹಳೇ ಪೇಪರ್ ಮೇಲೆ 40 ಸೆಂ.ಮೀ. ವೃತ್ತ ಬರ್ಕೊಂಡು ಅದರ ಗೆರೆ ಮೇಲೆ ಅಂಚಿನ ತುಂಡು ಇಡ್ತಾ ಹೋದೆ. ಎರಡು ದಿನ ಆದ್ರೂ ಕೂರಲಿಲ್ಲ. ತಪ್ಪಿದ್ದಿದ್ದು ನನ್ನ ವೃತ್ತದಲ್ಲಿ. ಗುರು ಇಷ್ಟು ದೊಡ್ಡದಿದ್ರೂ ಹತ್ತು ಗಂಟೆ ತುಂಬೋದ್ರೊಳಗೆ ಒಂದು ಸುತ್ತು ತಿರುಗಿಬಿಡತ್ತೆ, ಮೈಯೆಲ್ಲಾ ಹೈಡ್ರೋಜನ್ನು ಹೀಲಿಯಮ್ಮು, ಆ ವೇಗಕ್ಕೆ ಸೊಂಟದ ಹತ್ರ ಉಬ್ಬಿ ತಲೆ ಕಾಲು ಚಪ್ಪಟೆ ಆಗಿದೆ. ಅಡ್ಡಕ್ಕೆ 1,42,984 ಕಿ.ಮೀ., ಉದ್ದಕ್ಕೆ 1,33,708. ನಮ್ಮ ಟೇಬಲ್ ಲೆಕ್ಕದಲ್ಲಿ ಅಗಲ 40 ಸೆಂ.ಮೀ. ಇದ್ರೆ ಎತ್ತರ ಬರೀ 37.4! ಭೂಮಿನೂ ಹೀಗೇ ಉಬ್ಬಿದೆ, ಆದ್ರೆ ಇದೇ ಅಳತೇಲಿ ಭೂಮಿ ಪಝಲ್ ಮಾಡಿದ್ರೆ ವ್ಯತ್ಯಾಸ ಒಂದೂಕಾಲು ಮಿಲಿಮೀಟರ್ ಹತ್ರ ಬರತ್ತೆ, ಕಣ್ಣಿಗೇ ಬೀಳಲ್ಲ.

ಅಂಚು ಮುಗೀತು, ನಿಜವಾದ ಕಷ್ಟ ಆಮೇಲೆ. ಸಾಮಾನ್ಯವಾಗಿ ನಾವು ಬಣ್ಣ ನೋಡಿ ಜೋಡಿಸ್ತೀವಿ, ಒಂದು ತುಂಡಲ್ಲಿ ಅರ್ಧ ಕಂದು ಅರ್ಧ ಬಿಳಿ ಇದ್ರೆ ಪಕ್ಕದ್ದೂ ಹಾಗೇ ಇರತ್ತೆ ಅಂತ. ಮಾವ ಆ ದಾರೀನೇ ಮುಚ್ಚಿದ್ರು. ಕಂದು ಪಟ್ಟೆ ಮುಗಿದು ಬಿಳಿ ಪಟ್ಟೆ ಶುರುವಾಗೋ ಗೆರೆ ಮೇಲೇ ಗರಗಸ ಓಡಿಸಿದಾರೆ, ಹಾಗಾಗಿ ಕಂದು ತುಂಡು ಪೂರ್ತಿ ಕಂದು, ಬಿಳಿ ಪೂರ್ತಿ ಬಿಳಿ, ಯಾರ ಪಕ್ಕ ಯಾರು ಅನ್ನೋ ಸುಳಿವೇ ಇಲ್ಲ. ಕೈಯಲ್ಲಿ ಪಝಲ್ ಕೊಯ್ಯೋರ ಹಳೇ ವಿದ್ಯೆ ಇದು. ಬಣ್ಣ ಸಹಾಯ ಮಾಡದಿದ್ರೆ ಉಳಿಯೋದು ಒಂದೊಂದನ್ನೂ ಇನ್ನೊಂದಕ್ಕೆ ಹಿಡಿದು ನೋಡೋದು, 300 ತುಂಡಿಗೆ ಅಂಥ ಜೋಡಿ 44,850 ಆಗತ್ತೆ.

ನನಗೆ ಮೈ ಜುಂ ಅಂದಿದ್ದು ಒಂದು ರಾತ್ರಿ ಆ ಗೆರೆಗಳ ಬಗ್ಗೆ ಓದ್ತಾ ಇದ್ದಾಗ. ಪಟ್ಟೆ ಪಟ್ಟೆ ನಡುವೆ ಇರೋ ಆ ಗೆರೆ ಬರೀ ಬಣ್ಣದ ಗಡಿ ಅಲ್ಲ, ಅಲ್ಲಿ ಜೆಟ್ ಗಾಳಿಗಳು ಬೀಸ್ತವೆ, ಒಂದು ಪೂರ್ವಕ್ಕೆ ಅದರ ಪಕ್ಕದ್ದು ಪಶ್ಚಿಮಕ್ಕೆ, ಕೆಲವು ಕಡೆ ಗಂಟೆಗೆ 300 ಕಿ.ಮೀ. ಮೀರಿ. ಅಂದ್ರೆ ಮಾವ ಗರಗಸ ಓಡಿಸಿದ್ದು ಗುರುವಿನಲ್ಲಿ ಗಾಳಿ ಓಡೋ ದಾರೀಲೇ! ಗ್ರಹ ತಾನೇ ತಾನಾಗಿ ಅಲ್ಲಿ ಕೊಯ್ದುಕೊಂಡಿದೆ. ನಡು ಭಾಗ 9 ಗಂಟೆ 50 ನಿಮಿಷಕ್ಕೆ ಸುತ್ತಿದ್ರೆ ಅದರ ಮೇಲೆ ಕೆಳಗಿನ ಭಾಗಕ್ಕೆ 9 ಗಂಟೆ 55 ನಿಮಿಷ ಬೇಕು, ಐದೇ ನಿಮಿಷ ಅನ್ಸತ್ತೆ, ಆದ್ರೆ ಸುತ್ತು ಸುತ್ತಿಗೂ ಜಾರ್ತಾ ಜಾರ್ತಾ ಸುಮಾರು ಒಂದೂವರೆ ತಿಂಗಳಲ್ಲಿ ನಡು ಭಾಗ ಅಕ್ಕಪಕ್ಕದವರಿಗಿಂತ ಒಂದು ಪೂರ್ತಿ ಸುತ್ತು ಮುಂದೆ ಹೋಗಿರತ್ತೆ. ಇದನ್ನ ಕ್ಯಾಸಿನಿ ಅನ್ನೋ ಖಗೋಳಜ್ಞ 1690ರಲ್ಲೇ ಆಗಿನ ದೂರದರ್ಶಕದಲ್ಲಿ ಗಮನಿಸಿದ್ದ.

ಗಾಳಿ ಎಷ್ಟು ಆಳಕ್ಕೆ ಹೋಗತ್ತೆ ಅಂತ ಗೊತ್ತಾಗಿದ್ದು ಮಾತ್ರ ಮೊನ್ನೆ ಮೊನ್ನೆ, 2016ರಲ್ಲಿ ಗುರುವನ್ನ ತಲುಪಿದ ಜೂನೋ ನೌಕೆ ಅಲ್ಲಿನ ಗುರುತ್ವ ಅಳೆದ ಮೇಲೆ. ಸುಮಾರು 3,000 ಕಿ.ಮೀ. ನನ್ನ ಮುಂದಿರೋ ಅಳತೇಲಿ ಅದು 8 ಎಂಎಂ ಚಿಲ್ಲರೆ ಆಗತ್ತೆ, ಮಾವನ ಪ್ಲೈವುಡ್ ದಪ್ಪ 6 ಎಂಎಂ. ಒಂದು ತುಂಡನ್ನ ಬೆರಳಲ್ಲಿ ಹಿಡಿದು ಅದರ ಅಂಚು ನೋಡಿದ್ರೆ ಗಾಳಿಯ ಆಳ ಹೆಚ್ಚುಕಮ್ಮಿ ಅಷ್ಟೇ, ಅದರ ಕೆಳಗೆ ಗ್ರಹ ಗಟ್ಟಿ ಚೆಂಡಿನ ಹಾಗೆ ಒಟ್ಟಿಗೇ ತಿರುಗತ್ತೆ.

ಅಂದಹಾಗೆ ಮಾವ ಅಂಟಿಸಿದ್ದ ಫೋಟೋನೇ ಒಂದು ಪಝಲ್ಲು. 2000ದ ಡಿಸೆಂಬರಲ್ಲಿ ಶನಿ ಕಡೆ ಹೊರಟಿದ್ದ ಕ್ಯಾಸಿನಿ ನೌಕೆ (ಅದೇ ಖಗೋಳಜ್ಞನ ಹೆಸರೇ ಇದಕ್ಕೂ) ದಾರೀಲಿ ತೆಗೆದ 27 ಚಿತ್ರ ಸೇರಿಸಿ ಮಾಡಿದ್ದು, ಒಂಬತ್ತು ಚೌಕ, ಒಂದೊಂದಕ್ಕೂ ಕೆಂಪು ಹಸಿರು ನೀಲಿ ಅಂತ ಮೂರು. ತೆಗೆಯೋಷ್ಟರಲ್ಲಿ ಗ್ರಹ ತಿರುಗಿರತ್ತಲ್ಲ, ಅದಕ್ಕೆ ಒಂದೊಂದನ್ನೂ ಹಿಂದಕ್ಕೆ ಸರಿಸಿ ಕೂರಿಸಬೇಕಾಯ್ತು. 

ಮಳೆ ಹಿಡಿದ ವಾರ ತುಂಡುಗಳು ಸ್ವಲ್ಪ ಬಿಗಿ ಆದವು. ಕೊನೆಗೆ ಗ್ರಹ ಪೂರ್ತಿ ಆಯ್ತು, ಆದ್ರೆ ಒಂದು ತುಂಡು ಮಿಕ್ಕಿತು. ಬಣ್ಣ ಇಲ್ಲದ ಗುಂಡು ಬಿಲ್ಲೆ, ಮೂರೂವರೆ ಸೆಂ.ಮೀ., ಉಪ್ಪುಕಾಗದ ಹಾಕಿ ನುಣ್ಣಗೆ ಉಜ್ಜಿದ್ದು. ಎಲ್ಲೂ ಖಾಲಿ ಜಾಗ ಇಲ್ಲ. ಫೋನ್ ಮಾಡ್ದೆ.

"ಅದು ಭೂಮಿ ಕಣೋ" ಅಂದ್ರು ಮಾವ. "ಕೆಂಪು ಮಚ್ಚೆ ಮೇಲಿಡು."

ಇಟ್ಟೆ. ಎಡಕ್ಕೂ ಬಲಕ್ಕೂ ಕೆಂಪು ಇನ್ನೂ ಉಳೀತು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸುತ್ತುತ್ತಾ ಇರೋ ಬಿರುಗಾಳಿ ಅದು, ನಾವೆಲ್ಲಾ ಇರೋ ಭೂಮಿ ಅದರೊಳಗೆ ಪೂರ್ತಿ ಕೂತ್ಕೊಂಡುಬಿಡ್ತು, ನಾನು ಸುಮಾರು ಹೊತ್ತು ಹಾಗೇ ನೋಡ್ತಿದ್ದೆ.

"ಈಗ ಬಿಲ್ಲೆ ತಿರುಗಿಸು" ಅಂದ್ರು. ಹಿಂದೆ ಪೆನ್ಸಿಲಲ್ಲಿ ಸಣ್ಣದಾಗಿ ಮಚ್ಚೆಯ ಅಗಲ ಬರೆದಿದ್ರು, ಎಲ್ಲಾ ಈ ಪಝಲ್ ಅಳತೇಲೇ. 1800ರ ದಶಕದ ಕೊನೇಲಿ 11 ಸೆಂ.ಮೀ., 1979ರಲ್ಲಿ ವಾಯೇಜರ್ ನೌಕೆ ಹೋದಾಗ ಆರೂವರೆ, ಈಗ ನಾಲ್ಕೂವರೆ. ಅದರ ಕೆಳಗೆ ಇನ್ನೊಂದು ಸಾಲು ಬರೆಯೋಷ್ಟು ಜಾಗ ಬಿಟ್ಟಿದ್ದಾರೆ.