ನಿಯಮ ಒಂದೇ, ಸರ್ಟಿಫಿಕೇಟ್ ಎರಡು ಯಾಕೆ? ಮಾಡ್ಯೂಲ್ 10 ಓದುವವರಿಗೆ ಟಿಪ್ಪಣಿ

ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಪರೀಕ್ಷೆಯ ಮಾಡ್ಯೂಲ್ 10 ಅಂದ್ರೆ ಏವಿಯೇಷನ್ ಲೆಜಿಸ್ಲೇಷನ್, ವಿಮಾನಯಾನದ ಕಾನೂನು. ಎಲ್ಲರೂ ಇದನ್ನು ಕೊನೆಗೆ ಬಿಟ್ಟು ಉರು ಹೊಡೆಯುತ್ತಾರೆ. ಅಂಧೇರಿ, ಕಲಿನಾ ಕಡೆ ರೂಮು ಮಾಡಿಕೊಂಡು ಎಎಂಇ ಓದುತ್ತಿರುವ ನಮ್ಮ ಕನ್ನಡದ ಹುಡುಗರ ಗುಂಪಿನಲ್ಲಿ ಪದೇ ಪದೇ ಏಳುವ ಪ್ರಶ್ನೆ ಒಂದೇ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ನಿಯಮವನ್ನೂ ಯುರೋಪಿನ ನಿಯಂತ್ರಕ ಇಎಎಸ್‌ಎ ನಿಯಮವನ್ನೂ ಪಕ್ಕಪಕ್ಕ ಇಟ್ಟರೆ ಎಷ್ಟೋ ಕಡೆ ಪದಕ್ಕೆ ಪದ ಒಂದೇ ಇದೆ, ಹಾಗಾದ್ರೆ ಒಂದು ಕಡೆ ಪಾಸಾದ ವಿಮಾನವನ್ನು ಇನ್ನೊಂದು ಕಡೆಯವರು ಮತ್ತೆ ಯಾಕೆ ನೋಡುತ್ತಾರೆ? ನನಗೂ ತಲೆ ತಿಂದದ್ದು ಇದೇ. ಹಾಗಾಗಿ ಇಲ್ಲಿ ಇದೇ ಜಾಸ್ತಿ, ಮಿಕ್ಕಿದ್ದು ಕಮ್ಮಿ.

ಬುಡ ಬೇಗ ಮುಗಿಸೋಣ. ನಾಗರಿಕ ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಶಿಕಾಗೊ ಒಪ್ಪಂದ, ಏರ್‌ವರ್ದಿನೆಸ್ (ಹಾರಾಟಕ್ಕೆ ಯೋಗ್ಯತೆ) ಕುರಿತ ಅದರ ಅನೆಕ್ಸ್ 8. 33ನೇ ವಿಧಿ ಪ್ರಕಾರ, ನೋಂದಣಿ ಮಾಡಿದ ದೇಶ ಕೊಟ್ಟ ಏರ್‌ವರ್ದಿನೆಸ್ ಸರ್ಟಿಫಿಕೇಟನ್ನು ಉಳಿದ ದೇಶಗಳು ಒಪ್ಪಬೇಕು, ಆದರೆ ಅದರ ಹಿಂದಿನ ನಿಯಮ ಕನಿಷ್ಠ ಮಟ್ಟಕ್ಕೆ ಸಮ ಅಥವಾ ಅದಕ್ಕಿಂತ ಮೇಲೆ ಇರಬೇಕು. ಬೇರೆ ಥರ ಮಾಡುವ ದೇಶ 38ನೇ ವಿಧಿಯಡಿ ತನ್ನ ವ್ಯತ್ಯಾಸವನ್ನು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊಗೆ ತಿಳಿಸಬೇಕು. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ, ಸಾಕು.

ಈಗ ಗಂಟು. 'ಹಾರ್ಮೊನೈಸೇಷನ್' ಅಂತ ಒಂದೇ ಹೆಸರಲ್ಲಿ ಕರೆಯುವುದರೊಳಗೆ ಬೇರೆ ಬೇರೆ ಕೆಲಸಗಳಿವೆ. ನಿಯಮದ ಸಾಲು ಒಂದೇ ಮಾಡುವುದು ಒಂದು. ಆ ಸಾಲನ್ನು ಹೇಗೆ ಓದಬೇಕು, ಪಾಲಿಸಿದ್ದೀವಿ ಅಂತ ಹೇಗೆ ತೋರಿಸಬೇಕು ಅನ್ನುವುದನ್ನು ಒಂದೇ ಮಾಡುವುದು ಇನ್ನೊಂದು. ನೀನು ನೋಡಿ ಸರಿ ಅಂದಿದ್ದನ್ನು ನಾನು ಮತ್ತೆ ನೋಡದೆ ಒಪ್ಪುವುದು ಪೂರ್ತಿ ಬೇರೆ. ಕರ್ನಾಟಕದ ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ಮುಂಬೈ ಕಾಲೇಜಿಗೆ ಬಂದವರಿಗೆ ಇದು ಗೊತ್ತು. ಫಿಸಿಕ್ಸ್ ಎರಡೂ ಕಡೆ ಒಂದೇ, ಆದರೂ ಎಲಿಜಿಬಿಲಿಟಿ ಕಾಗದಕ್ಕೆ ಓಡಾಡಲೇಬೇಕು, ಅಲ್ವಾ?

ಉದಾಹರಣೆಗೆ 25.1309 ತಗೊಳ್ಳಿ. ದೊಡ್ಡ ವಿಮಾನಗಳ ಸಿಸ್ಟಂ ಕೆಟ್ಟರೆ ಏನಾಗಬೇಕು, ಏನಾಗಬಾರದು ಅನ್ನುವ ನಿಯಮ ಇದು. ನಂಬರ್ ಎರಡೂ ಕಡೆ ಒಂದೇ ಇರುವುದು ಕಾಕತಾಳೀಯ ಅಲ್ಲ. ದೊಡ್ಡ ವಿಮಾನಗಳಿಗೆ ಯುರೋಪಿನವರ ಹಳೆಯ ನಿಯಮಾವಳಿ ಜೆಎಆರ್-25 ಅಮೆರಿಕದ ಪಾರ್ಟ್ 25ರ ಮೇಲೆಯೇ ಕಟ್ಟಿದ್ದು, ಅದೇ ಮುಂದೆ ಸಿಎಸ್-25 ಆಯಿತು. ವಿಮಾನವನ್ನೇ ಕಳೆದುಕೊಳ್ಳುವಂಥ ವೈಫಲ್ಯ 'ಎಕ್ಸ್‌ಟ್ರೀಮ್ಲಿ ಇಂಪ್ರಾಬಬಲ್' ಆಗಿರಬೇಕು ಅನ್ನುತ್ತದೆ ನಿಯಮ. ಎಷ್ಟು ಅಪರೂಪ? ಸುಮಾರು ನೂರು ಕೋಟಿ ಹಾರಾಟದ ಗಂಟೆಗೆ ಒಂದು ಸಲ, ಅಥವಾ ಅದಕ್ಕಿಂತ ಕಡಿಮೆ. ಆದರೆ ಈ ಅಂಕಿ ನಿಯಮದಲ್ಲಿ ಇಲ್ಲವೇ ಇಲ್ಲ! ಅದು ಇರುವುದು ಮಾರ್ಗದರ್ಶಿಯಲ್ಲಿ, ಅಮೆರಿಕದಲ್ಲಾದರೆ ಅಡ್ವೈಸರಿ ಸರ್ಕ್ಯುಲರ್, ಯುರೋಪಿನಲ್ಲಾದರೆ ಎಎಂಸಿ (ನಿಯಮ ಪಾಲಿಸಿದ್ದನ್ನು ತೋರಿಸಲು ಒಪ್ಪುವ ದಾರಿ). ನಿಯಮ ಮಾತ್ರ ಓದಿದರೆ ಎರಡೂ ಒಂದೇ ಅನಿಸುತ್ತದೆ. ಕೆಲಸ ನಡೆಯುವುದು ಅದರ ಕೆಳಗಿನ ಕಾಗದದಲ್ಲಿ.

ಸಾಲಿನಲ್ಲೂ ಒಂದು ದೊಡ್ಡ ವ್ಯತ್ಯಾಸ ಇತ್ತು. ಅಂಥ ವೈಫಲ್ಯ ಯಾವುದೇ ಒಂದೇ ಒಂದು ಭಾಗ ಕೆಟ್ಟಿದ್ದರಿಂದ ಆಗಬಾರದು, ಆ ಭಾಗ ಕೆಡುವ ಸಾಧ್ಯತೆ ಎಷ್ಟೇ ಕಡಿಮೆ ಇರಲಿ ಅಂತ 2003ರ ಸಿಎಸ್-25 ನೇರವಾಗಿ ಹೇಳಿತ್ತು. ಅಮೆರಿಕದ 25.1309ರಲ್ಲಿ ಈ ಮಾತು ಇರಲಿಲ್ಲ. ತಮಾಷೆ ಏನಂದ್ರೆ, ಈ ಮಾತಿನ ಕರಡು ಬಂದದ್ದೇ ಎರಡೂ ಕಡೆಯವರು ಕೂತಿದ್ದ ಎಫ್‌ಎಎ ಸಲಹಾ ಸಮಿತಿಯಿಂದ. ಯುರೋಪು ಅದನ್ನು ನಿಯಮ ಮಾಡಿಕೊಂಡಿತು, ಅಮೆರಿಕ ಮಾಡಿದ್ದು ಆಗಸ್ಟ್ 2024ರಲ್ಲಿ. ನಡುವಿನ ಇಪ್ಪತ್ತು ವರ್ಷ ಕಂಪನಿಗಳು ಕೆಲಸ ನಿಲ್ಲಿಸಿ ಕೂತಿರಲಿಲ್ಲ. 'ನಿಮ್ಮ ಸಾಲಿನ ಬದಲು ಈ ಕರಡನ್ನು ಪಾಲಿಸುತ್ತೇವೆ, ಸುರಕ್ಷತೆ ಅಷ್ಟೇ ಮಟ್ಟದ್ದು' ಅಂತ ಎಫ್‌ಎಎ ಹತ್ತಿರ ಒಪ್ಪಿಗೆ ತಗೊಳ್ಳುತ್ತಿದ್ದರು. ಇದಕ್ಕೆ ಇಎಲ್‌ಒಎಸ್ ಅನ್ನುತ್ತಾರೆ, ಈಕ್ವಿವಲೆಂಟ್ ಲೆವೆಲ್ ಆಫ್ ಸೇಫ್ಟಿ. ಇದನ್ನು ವಿನಾಯಿತಿ ಜೊತೆ ಗಂಟು ಹಾಕಬೇಡಿ. ವಿನಾಯಿತಿಯಲ್ಲಿ ನಿಯಮವೇ ಬಿಟ್ಟು ಹೋಗುತ್ತದೆ. ಇಎಲ್‌ಒಎಸ್‌ನಲ್ಲಿ ನಿಯಮ ಬಯಸಿದ ಸುರಕ್ಷತೆಯನ್ನು ಬೇರೆ ದಾರಿಯಲ್ಲಿ ತೋರಿಸುತ್ತಾರೆ. ನಿಯಮ ಬರೆದಾಗ ಯಾರೂ ಊಹಿಸದ ಹೊಸ ತಂತ್ರಜ್ಞಾನ ಬಂದರೆ ಸ್ಪೆಷಲ್ ಕಂಡೀಷನ್, ಅಂದ್ರೆ ಆ ಒಂದು ವಿಮಾನಕ್ಕೇ ಹೆಚ್ಚುವರಿ ನಿಯಮ.

ಹೀಗೆ ಉಳಿದ ವ್ಯತ್ಯಾಸಗಳನ್ನು ಪಟ್ಟಿ ಮಾಡುತ್ತಾರೆ. ವ್ಯಾಲಿಡೇಷನ್ (ಇನ್ನೊಂದು ದೇಶದ ಸರ್ಟಿಫಿಕೇಟನ್ನು ಒಪ್ಪುವ ಮುಂಚೆ ನೋಡುವುದು) ಮಾಡುವ ದೇಶ ಪೂರ್ತಿ ವಿಮಾನವನ್ನು ಮೊದಲಿಂದ ನೋಡುವುದಿಲ್ಲ. ಆ ಪಟ್ಟಿಯಲ್ಲಿ ಇದ್ದದ್ದು, ಹೊಸದಾಗಿದ್ದು, ಸುರಕ್ಷತೆ ದೃಷ್ಟಿಯಿಂದ ಗಮನ ಬೇಕಾದದ್ದು, ಇಷ್ಟರಲ್ಲಿ ಮಾತ್ರ ಕೈ ಹಾಕುತ್ತದೆ. ಎಷ್ಟು ಕೈ ಹಾಕಬಹುದು ಅನ್ನುವುದು ಆ ಎರಡು ದೇಶಗಳ ನಡುವಿನ ಒಪ್ಪಂದದಲ್ಲಿ ಇರುತ್ತದೆ. ಅಮೆರಿಕ ಮತ್ತು ಯುರೋಪಿನ ಒಪ್ಪಂದ ಜಾರಿಗೆ ಬಂದದ್ದು ಮೇ 2011ರಲ್ಲಿ. ಭಾರತ ಮತ್ತು ಅಮೆರಿಕದ್ದಕ್ಕೆ ಸಹಿ ಬಿದ್ದದ್ದೂ ಅದೇ ವರ್ಷ.

ತಾರೀಖಿನ ವಿಷಯ ಚಿಕ್ಕದು, ಪರೀಕ್ಷೆಯಲ್ಲಿ ಕಾಲು ಎಳೆಯುತ್ತದೆ. ವಿಮಾನವನ್ನು ಅಳೆಯುವುದು ಅರ್ಜಿ ಹಾಕಿದ ದಿನ ಇದ್ದ ನಿಯಮದಿಂದ, ಸರ್ಟಿಫಿಕೇಟ್ ಸಿಕ್ಕ ದಿನದ್ದರಿಂದ ಅಲ್ಲ. ದೊಡ್ಡ ವಿಮಾನಕ್ಕೆ ಅರ್ಜಿ ಐದು ವರ್ಷ ಜೀವಂತ. ಹಳೇ ವಿಮಾನವನ್ನೇ ಬದಲಿಸಿ ಹೊಸ ಮಾಡೆಲ್ ಮಾಡಿದರೆ ಮುಟ್ಟದ ಭಾಗಕ್ಕೆ ಹಳೇ ನಿಯಮ ಉಳಿಯಬಹುದು. 737ರ ಟೈಪ್ ಸರ್ಟಿಫಿಕೇಟ್ (ಡಿಸೈನ್‌ಗೆ ಸಿಗುವ ಒಪ್ಪಿಗೆ) 1967ರದ್ದು. ಮ್ಯಾಕ್ಸ್ ಕೂಡ ಅದಕ್ಕೇ ಮಾಡಿದ ತಿದ್ದುಪಡಿ.

ನನ್ನ ಪ್ರೀತಿಯ ಶಾರ್ಟ್‌ಕಟ್ ಇದು: ವಿಮಾನ ಕಂಡರೆ ಎರಡು ಪ್ರಶ್ನೆ ಹಾಕಿ. ಬಾಲದ ಹತ್ತಿರ ಏನು ಬರೆದಿದೆ? 'ವಿಟಿ' ಅಂತ ಶುರುವಾದರೆ ನೋಂದಣಿ ಭಾರತದ್ದು, ಹಾರಬಹುದಾ ಬೇಡವಾ ಅನ್ನುವುದು ನಮ್ಮ ನಿಯಂತ್ರಕ ಡಿಜಿಸಿಎ ಮಾತು. ಟೈಪ್ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ? ಆ ಕಂಪನಿ ಇರುವ ದೇಶವೇ ಡಿಸೈನ್ ದೇಶ. ವಿಲೆ ಪಾರ್ಲೆ ಕಡೆಯಿಂದ ನೋಡಿದರೆ ಎ320, ಎಟಿಆರ್ ಎರಡೂ ಇಎಎಸ್‌ಎ, 737 ಎಫ್‌ಎಎ. ಬ್ರ್ಯಾಂಡ್ ನೋಡಿ ಉತ್ತರ ಬರೆಯಬೇಡಿ. ಎ220 ಮೇಲೆ ಏರ್‌ಬಸ್ ಅಂತ ಇದ್ದರೂ ಡಿಸೈನ್ ದೇಶ ಕೆನಡಾ. ಬೆಲ್ 407 ಹೆಲಿಕಾಪ್ಟರ್ ಕೂಡ ಹಾಗೇ. ಎಂಜಿನ್‌ಗೆ ಬೇರೆಯೇ ಟೈಪ್ ಸರ್ಟಿಫಿಕೇಟ್ ಇರುತ್ತದೆ. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್ ಇರುವ ಎ320 ನಿಯೋದಲ್ಲಿ ವಿಮಾನ ಇಎಎಸ್‌ಎದ್ದು, ಎಂಜಿನ್ ಎಫ್‌ಎಎದ್ದು, ನೋಂದಣಿ ನಮ್ಮದು.

ಆ ನಿಯೋವನ್ನೇ ಇಟ್ಟುಕೊಂಡು ಕೊನೆಯ ಪ್ರಶ್ನೆ ಬಿಡಿಸಬಹುದು: ಡಿಸೈನ್ ದೇಶ ಹಾರಬಹುದು ಅಂದಮೇಲೆ ನೋಂದಣಿ ದೇಶ ಬೇಡ ಅನ್ನಬಹುದಾ? ಅನ್ನಬಹುದು. ಫೆಬ್ರವರಿ 2018ರಲ್ಲಿ ಪ್ರ್ಯಾಟ್‌ನ ಒಂದು ಸರಣಿಯ ಎಂಜಿನ್‌ಗಳಲ್ಲಿ ತೊಂದರೆ ಕಂಡಾಗ ಇಎಎಸ್‌ಎ ತುರ್ತು ಎಡಿ (ಏರ್‌ವರ್ದಿನೆಸ್ ಡೈರೆಕ್ಟಿವ್, ಕಡ್ಡಾಯ ಸುರಕ್ಷತಾ ಆದೇಶ) ಹೊರಡಿಸಿ, ಅಂಥ ಎಂಜಿನ್ ಎರಡೂ ಕಡೆ ಇರುವ ವಿಮಾನ ಹಾರುವುದನ್ನು ತಡೆಯಿತು. ಒಂದೇ ಇದ್ದರೆ ಷರತ್ತಿನ ಮೇಲೆ ನಡೆಯುತ್ತಿತ್ತು. ಮಾರ್ಚ್‌ನಲ್ಲಿ ಡಿಜಿಸಿಎ ಇನ್ನೂ ಬಿಗಿ ಮಾಡಿ, ಅಂಥ ಎಂಜಿನ್ ಒಂದಿದ್ದರೂ ನೆಲಕ್ಕೆ ಇಳಿಸಿ ಅಂತು. ನೆಲಕ್ಕಿಳಿದಿದ್ದ 737 ಮ್ಯಾಕ್ಸ್ ವಿಷಯದಲ್ಲೂ ಇದೇ ಲೆಕ್ಕ. ಎಫ್‌ಎಎ ಅದನ್ನು ನವೆಂಬರ್ 2020ರಲ್ಲಿ ಮತ್ತೆ ಹಾರಲು ಬಿಟ್ಟಿತು, ಇಎಎಸ್‌ಎ ಜನವರಿ 2021ರಲ್ಲಿ, ಡಿಜಿಸಿಎ ಆಗಸ್ಟ್ 2021ರಲ್ಲಿ. ಆಯ್ಕೆಗಳಲ್ಲಿ 'ಡಿಸೈನ್ ದೇಶದ ಎಡಿಯನ್ನು ನೋಂದಣಿ ದೇಶ ಬಿಗಿಗೊಳಿಸುವಂತಿಲ್ಲ' ಅಂತ ಕಂಡರೆ ಅದನ್ನು ಮೊದಲು ಹೊಡೆದು ಹಾಕಿ.