ನರಗಳ ನಡುವಿನ ಸಣ್ಣ ಸಂದು: ಒಂದು ಹಳೇ ಜಗಳದ ಕಥೆ

ರಕ್ತ ಪರೀಕ್ಷೆಗೆ ಹೋದರೆ ನರ್ಸ್ ತೋಳು ತಟ್ಟಿ ತಟ್ಟಿ "ನರಾನೇ ಸಿಗ್ತಿಲ್ಲ" ಅನ್ನುತ್ತಾರೆ. ಅವರು ಹುಡುಕುತ್ತಿರುವುದು ರಕ್ತನಾಳವನ್ನು. ಬೆಳಿಗ್ಗೆ ಕುತ್ತಿಗೆ ತಿರುಗದಿದ್ದರೆ "ನರ ಹಿಡ್ಕೊಂಡಿದೆ" ಅನ್ನುತ್ತೇವೆ. ಅಲ್ಲಿ ಹಟ ಹಿಡಿದಿರುವುದು ಹೆಚ್ಚಾಗಿ ಸ್ನಾಯು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಳೇ ಗ್ರೀಕರೂ ಹೀಗೇ. 'ನ್ಯೂರಾನ್' ಎಂದರೆ ಅವರಿಗೆ ಮೊದಲು ಸ್ನಾಯುರಜ್ಜು, ಬಿಲ್ಲಿನ ಹೆದೆ.

ನರದೊಳಗೆ ಏನು ಹರಿಯುತ್ತದೆ ಎಂಬುದೂ ಬಹಳ ಕಾಲ ಊಹೆಯೇ ಆಗಿತ್ತು. ಅದೊಂದು ಟೊಳ್ಳು ಕೊಳವೆ, ಒಳಗೆ ಪ್ರಾಣವಾಯುವಿನಂಥ ಏನೋ ಓಡಾಡುತ್ತದೆ ಎಂದು ಯುರೋಪಿನ ವೈದ್ಯರು ನಂಬಿದ್ದರು. ಇಟಲಿಯ ಗಾಲ್ವಾನಿ 1791ರಲ್ಲಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಒದೆಯುವುದನ್ನು ವರದಿ ಮಾಡಿದ ಮೇಲೆ ಗಾಳಿಯ ಜಾಗಕ್ಕೆ ಕರೆಂಟ್ ಬಂತು. ಕರೆಂಟ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪಬೇಕು, ಅಲ್ವಾ? 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದು ನೋಡಿದರು. ಸೆಕೆಂಡಿಗೆ ಸುಮಾರು 27 ಮೀಟರ್. ಹೈವೇಯಲ್ಲಿ ಹೋಗುವ ಕಾರಿನ ವೇಗ, ಅಷ್ಟೇ!

ನಮ್ಮಲ್ಲಿ ಕೊಬ್ಬಿನ ಹೊದಿಕೆಯಿರುವ ದಪ್ಪ ನರತಂತುಗಳು ಸೆಕೆಂಡಿಗೆ 100 ಮೀಟರ್ ಮುಟ್ಟಬಲ್ಲವು. ಹೊದಿಕೆಯಿಲ್ಲದ ಸಣ್ಣ ತಂತುಗಳದ್ದು ನಡಿಗೆಯ ವೇಗ. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಗಮನಿಸಿ. ತಾಗಿದ್ದು ತಕ್ಷಣ ಗೊತ್ತಾಗುತ್ತದೆ. "ಅಮ್ಮಾ" ಅನ್ನಿಸುವ ಆ ಆಳದ ನೋವು ಒಂದು ಕ್ಷಣ ಬಿಟ್ಟು ಬರುತ್ತದೆ. ಆ ಕ್ಷಣ ಅದಿನ್ನೂ ದಾರಿಯಲ್ಲಿರುತ್ತದೆ.

ದೊಡ್ಡ ಜಗಳ ಶುರುವಾದದ್ದು ಇದಾದ ಮೇಲೆ. ಮಿದುಳು ಒಂದೇ ಹೆಣಿಗೆಯ ಬಲೆಯೋ, ಬಿಡಿ ಬಿಡಿ ಕೋಶಗಳ ಗುಂಪೋ? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲಾ ಶಾವಿಗೆಯ ಮುದ್ದೆ. 1873ರಲ್ಲಿ ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ, ಅಡುಗೆಮನೆಯನ್ನೇ ಲ್ಯಾಬ್ ಮಾಡಿಕೊಂಡಿದ್ದ ಕ್ಯಾಮಿಲ್ಲೊ ಗಾಲ್ಜಿ ಒಂದು ಉಪಾಯ ಕಂಡುಕೊಂಡರು. ಬೆಳ್ಳಿಯ ಲವಣದಲ್ಲಿ ನೆನೆಸಿದ ಮಿದುಳಿನ ಚೂರಿನಲ್ಲಿ ಎಲ್ಲೋ ಕೆಲವು ಕೋಶಗಳು ಮಾತ್ರ ಕಪ್ಪಾಗುತ್ತಿದ್ದವು. ಆದರೆ ಕಪ್ಪಾದದ್ದು ಬೇರಿನಿಂದ ತುದಿಯವರೆಗೆ ಪೂರ್ತಿ ಕಪ್ಪು. ದಟ್ಟ ಕಾಡಿನಲ್ಲಿ ಒಂದೇ ಮರಕ್ಕೆ ಮಸಿ ಬಳಿದ ಹಾಗೆ.

ಆ ಬಣ್ಣದ ಪೂರ್ಣ ಫಲ ಉಂಡವರು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್. ಹುಡುಗನಾಗಿದ್ದಾಗ ಚಿತ್ರಕಾರನಾಗುವ ಆಸೆ, ಅಪ್ಪನ ಒತ್ತಾಯಕ್ಕೆ ವೈದ್ಯನಾದವರು. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಗೆಳೆಯರೊಬ್ಬರ ಬಳಿ ಗಾಲ್ಜಿ ವಿಧಾನದ ಸ್ಲೈಡ್ ನೋಡಿದ್ದೇ ತಡ, ಅದರ ಹಿಂದೆಯೇ ಬಿದ್ದರು. ಮರಿಹಕ್ಕಿಗಳ, ಭ್ರೂಣಗಳ ಮಿದುಳನ್ನು ಆರಿಸಿಕೊಂಡರು. ಕಾಡು ದಟ್ಟವಾಗುವ ಮೊದಲೇ ಮರ ನೋಡುವ ಜಾಣತನ ಅದು. ಅವರಿಗೆ ಕಂಡದ್ದು ಬಿಡಿ ಕೋಶಗಳು: ಒಂದು ಒಡಲು, ಸುದ್ದಿ ಪಡೆಯುವ ರೆಂಬೆಗಳು, ಸುದ್ದಿ ಕಳಿಸುವ ಒಂದು ಉದ್ದ ಎಳೆ. ಒಂದರ ತುದಿ ಇನ್ನೊಂದರ ಹತ್ತಿರ ಬರುತ್ತದೆ, ಬೆಸೆದುಕೊಳ್ಳುವುದಿಲ್ಲ.

ಗಾಲ್ಜಿ ಒಪ್ಪಲಿಲ್ಲ. ಅವರಿಗೆ ಅದು ಬಲೆಯೇ. 1906ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಸ್ಟಾಕ್‌ಹೋಮ್‌ನ ವೇದಿಕೆಯಲ್ಲಿ ಗಾಲ್ಜಿ ತಮ್ಮ ಭಾಷಣವನ್ನು ಪಕ್ಕದವರ ಸಿದ್ಧಾಂತ ತಪ್ಪೆಂದು ಹೇಳುವುದಕ್ಕೇ ಬಳಸಿದರು. ಹಟಮಾರಿತನ ಎನ್ನಬಹುದು. ಆದರೆ ಆ ಸಂದನ್ನು ಆಗ ಯಾರೂ ಕಣ್ಣಾರೆ ಕಂಡಿರಲಿಲ್ಲ. ಇಂಗ್ಲೆಂಡಿನ ಶೆರಿಂಗ್ಟನ್ 1897ರಲ್ಲೇ ಅದಕ್ಕೆ 'ಸಿನಾಪ್ಸ್' ಎಂದು ಹೆಸರಿಟ್ಟಾಗಿತ್ತು. ಕಣ್ಣಿಗೆ ಕಂಡದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಅಗಲ ಸುಮಾರು 20 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥವು ಸಾವಿರಾರು ಹಿಡಿಸುತ್ತವೆ.

ಸಂದು ಇದ್ದರೆ ಸುದ್ದಿ ದಾಟುವುದು ಹೇಗೆ? ಆಸ್ಟ್ರಿಯಾದ ಆಟೊ ಲೋವಿ ಹೇಳಿಕೊಂಡ ಪ್ರಕಾರ ಉತ್ತರ ಕನಸಿನಲ್ಲಿ ಬಂತು. ನಿದ್ದೆಗಣ್ಣಲ್ಲಿ ಗೀಚಿದ್ದು ಬೆಳಿಗ್ಗೆ ಅವರಿಗೇ ಓದಲಾಗಲಿಲ್ಲ. ಮರುರಾತ್ರಿ ಮತ್ತೆ ಅದೇ ಕನಸು. ಈ ಸಲ ಎದ್ದವರೇ ಲ್ಯಾಬ್‌ಗೆ ಓಡಿದರು. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನ ಮಾಡಿದರು. ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ಸುದ್ದಿ ದಾಟಿಸಿದ್ದು ಒಂದು ರಾಸಾಯನಿಕ. ಅದು ಅಸಿಟೈಲ್‌ಕೋಲಿನ್ ಎಂದು ಖಚಿತವಾದದ್ದು ಆಮೇಲೆ. ಪ್ರಯೋಗ ಪ್ರಕಟವಾದದ್ದು 1921ರಲ್ಲಿ.

ನರತಂತುವಿನ ಉದ್ದಕ್ಕೂ ಓಡುವುದು ಮಾತ್ರ ವಿದ್ಯುತ್ತೇ. ಆದರೆ ತಂತಿಯ ಕರೆಂಟ್ ಅಲ್ಲ, ಉಪ್ಪಿನ ಆಟ. ಸೋಡಿಯಂ ಹೊರಗೆ ಜಾಸ್ತಿ, ಪೊಟ್ಯಾಸಿಯಂ ಒಳಗೆ ಜಾಸ್ತಿ. ಸಂಕೇತ ಬಂದಾಗ ಪೊರೆಯ ಬಾಗಿಲು ತೆರೆದು ಸೋಡಿಯಂ ನುಗ್ಗುತ್ತದೆ, ಅದು ಪಕ್ಕದ ಬಾಗಿಲನ್ನು ತೆರೆಸುತ್ತದೆ. ಇದನ್ನು ಹಾಡ್ಕಿನ್ ಮತ್ತು ಹಕ್ಸ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಅಳೆದು 1952ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಹಳ್ಳಿಯವರಿಗೆ ಆ ಸಂದಿನ ಪರಿಚಯ ಬೇರೆ ರೀತಿಯಲ್ಲಿದೆ. ನಾಗರಹಾವು, ಕಟ್ಟುಹಾವುಗಳ ವಿಷ ಕೆಲಸ ಮಾಡುವುದು ನರ ಸ್ನಾಯುವನ್ನು ಸಂಧಿಸುವ ಇಂಥದ್ದೇ ಸಂದಿನಲ್ಲಿ. ಕಚ್ಚಿಸಿಕೊಂಡವರ ರೆಪ್ಪೆ ಜೋತು ಬೀಳುವುದು, ಆಮೇಲೆ ಉಸಿರು ಕಟ್ಟುವುದು ಸುದ್ದಿ ದಾಟದೆ. ಹೊಲಕ್ಕೆ ಹೊಡೆಯುವ ಆರ್ಗ್ಯಾನೊಫಾಸ್ಫೇಟ್ ಔಷಧಿಯದು ಉಲ್ಟಾ ಕೆಲಸ. ದಾಟಿದ ಅಸಿಟೈಲ್‌ಕೋಲಿನ್ ಕರಗದಂತೆ ತಡೆದು ಸಂದನ್ನು ತುಂಬಿಸಿಬಿಡುತ್ತದೆ.

ಜಗಳದಲ್ಲಿ ಕಹಾಲ್ ಗೆದ್ದರು. ಆದರೂ 1959ರಲ್ಲಿ ಕ್ರೇಫಿಶ್ ಎಂಬ ಸಿಗಡಿಯ ಬಂಧುವಿನಲ್ಲಿ ರಾಸಾಯನಿಕದ ಹಂಗಿಲ್ಲದೆ ವಿದ್ಯುತ್ತು ನೇರವಾಗಿ ದಾಟುವ ಜೋಡಣೆ ಸಿಕ್ಕಿತು. ನಮ್ಮ ಮಿದುಳಲ್ಲೂ ಅಂಥವು ಅಲ್ಲಲ್ಲಿ ಇವೆ. 2023ರಲ್ಲಿ ಇನ್ನೂ ಒಂದು ಸುದ್ದಿ ಬಂತು. ಕಡಲಲ್ಲಿ ತೇಲುವ, ಮೈಮೇಲೆ ಬಾಚಣಿಗೆಯಂಥ ಸಾಲುಗಳಿರುವ ಕೊಂಬ್ ಜೆಲ್ಲಿ ಎಂಬ ಪುಟ್ಟ ಜೀವಿಯ ಚರ್ಮದಡಿಯ ನರಗಳಲ್ಲಿ ಸಂದೇ ಇಲ್ಲ. ಒಂದಕ್ಕೊಂದು ಬೆಸೆದುಕೊಂಡ ಬಲೆ, ಗಾಲ್ಜಿ ಹೇಳಿದ ಹಾಗೇ.