ಕೈಗೊಂಬೆಯ ಹೊಲಿಗೆ: ಅಳತೆ ತಪ್ಪುವುದು ಎಲ್ಲಿ?

ಆರೇಳು ವರ್ಷದ ಮಕ್ಕಳಿಂದ ಬಟ್ಟೆಯ ಕೈಗೊಂಬೆ ಹೊಲಿಸುವ ಅಭ್ಯಾಸಪಾಠಕ್ಕೆ ಸಿದ್ಧವಾಗುವಾಗ ಬರೆದುಕೊಂಡ ಟಿಪ್ಪಣಿಯಿದು. ಶಿಕ್ಷಕ ತರಬೇತಿಯ ಸಹಪಾಠಿಗಳಿಗೂ ಉಪಯೋಗವಾದೀತು.

ಮೊದಲ ದಿನ ಬಟ್ಟೆಯನ್ನು ಕೊಡಬಾರದು. ಎಲ್ಲಿ ಚುಚ್ಚಬೇಕು ಎಂಬುದೂ ಯಾವ ಕಡೆಯಿಂದ ಚುಚ್ಚಬೇಕು ಎಂಬುದೂ ಮಗುವಿಗೆ ಎರಡು ಬೇರೆ ಸಮಸ್ಯೆಗಳು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಸಾಲಾಗಿ ತೂತು ಹಾಕಿ, ಶೂ ಲೇಸನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹಾಯಿಸಲು ಹೇಳಿದರೆ ಮೊದಲನೆಯ ಸಮಸ್ಯೆ ಇಲ್ಲವಾಗುತ್ತದೆ. 1837ರಲ್ಲಿ ಶಿಶುಶಾಲೆ ಆರಂಭಿಸಿದ ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್‌ನ ಪದ್ಧತಿಯಲ್ಲೂ ಕಾಗದ ಚುಚ್ಚುವ ಮತ್ತು ಹೊಲಿಯುವ ಕೆಲಸಗಳಿದ್ದವು. ಕೈಗೆ ಹತ್ತಿದ ಮೇಲೆ ಇದೇ ರನ್ನಿಂಗ್ ಹೊಲಿಗೆಯನ್ನು ಬಟ್ಟೆಗೆ ತರಬಹುದು. ಮನೆಯಲ್ಲಿ ಕೌದಿಯಿದ್ದರೆ ತಂದು ತೋರಿಸಿ, ಹಳೆಯ ಸೀರೆಗಳ ಪದರಗಳನ್ನು ಹಿಡಿದಿಟ್ಟಿರುವುದೂ ಇದೇ ಹೊಲಿಗೆ.

ಸೂಜಿ ಮೊಂಡು ತುದಿಯದೂ ದೊಡ್ಡ ಕಣ್ಣಿನದೂ ಆಗಿರಲಿ. ಮಗುವಿನ ಕೈಯಿಂದಲೇ ಎರಡು ಮೊಳ ದಾರ ಅಳೆದು, ಸೂಜಿಗೆ ಪೋಣಿಸಿ, ಎರಡೂ ತುದಿಗಳನ್ನು ಸೇರಿಸಿ ಗಂಟು ಹಾಕಿದರೆ ಸೂಜಿ ಜಾರಿ ಬೀಳುವುದಿಲ್ಲ. ಅದಕ್ಕಿಂತ ಉದ್ದವಾದರೆ ದಾರ ಸಿಕ್ಕಾಗುತ್ತದೆ.

ನಾನು ಎಡವಿದ ಅಳತೆ

ಮಗುವಿನ ಕೈಯನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು, ಹೊಲಿಗೆಗೆಂದು ಎರಡೂ ಬದಿಗೆ 1 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಸಾಕೆಂದು ನಾನು ನಂಬಿದ್ದೆ. ಮೊದಲ ಗೊಂಬೆಯೊಳಗೆ ಮಗುವಿನ ಕೈ ಹೆಬ್ಬೆರಳ ಬುಡದವರೆಗೆ ಹೋಗಿ ನಿಂತಿತು. ಹೊಲಿಗೆಯನ್ನು ಬಿಚ್ಚಿ ನೋಡಿದರೆ ಕತ್ತರಿಸಿದ್ದರಲ್ಲಿ ತಪ್ಪಿರಲಿಲ್ಲ, ಲೆಕ್ಕದಲ್ಲಿತ್ತು.

ಕಾಗದದ ಮೇಲಿನ ಗೆರೆಗೆ ಕೈಯ ಅಗಲ ಮಾತ್ರ ಗೊತ್ತು, ದಪ್ಪ ಗೊತ್ತಿಲ್ಲ. ಆ ಮಗುವಿನ ಅಂಗೈ ಅಗಲ 6.5 ಸೆಂ.ಮೀ. ಇತ್ತು. ಎರಡು ಬದಿಗೆ 1 ಸೆಂ.ಮೀ. ಸೇರಿಸಿ 8.5 ಸೆಂ.ಮೀ. ಕತ್ತರಿಸಿದೆ, ಹೊಲಿದ ಮೇಲೆ ಉಳಿದದ್ದು ಮತ್ತೆ 6.5. ಮುಂದಿನದೂ ಹಿಂದಿನದೂ ಸೇರಿದರೆ ಒಳಸುತ್ತಳತೆ 13 ಸೆಂ.ಮೀ. ಆದರೆ ಹೆಬ್ಬೆರಳನ್ನು ಒಳಗೆ ಮಡಚಿಸಿ, ಅಂಗೈಯ ಸುತ್ತ ದಾರ ಸುತ್ತಿ ಅಳೆದಾಗ ಸಿಕ್ಕಿದ್ದು 16! ಹದಿಮೂರರ ಚೀಲದೊಳಗೆ ಹದಿನಾರರ ಕೈ ಹೋಗುವುದಾದರೂ ಹೇಗೆ?

ಆದ್ದರಿಂದ ಗೆರೆ ಎಳೆಯುವ ಬದಲು ದಾರ ಸುತ್ತಬೇಕು. ಸುತ್ತಳತೆಯ ಅರ್ಧ 8, ಬೆರಳಾಡಲು ಎರಡು ಬದಿಗೆ ಒಂದೊಂದರಂತೆ 2, ಹೊಲಿಗೆಗೆ 2, ಒಟ್ಟು 12 ಸೆಂ.ಮೀ. ಅಗಲ. ನನ್ನ ಸುಲಭೋಪಾಯವೆಂದರೆ ಸುತ್ತಿದ ದಾರವನ್ನು ಎರಡಾಗಿ ಮಡಚಿ ಕಾಗದದ ಮೇಲಿಟ್ಟು, ಎರಡೂ ತುದಿಯಲ್ಲಿ ಮಗುವಿನ ಎರಡೆರಡು ಬೆರಳು ಇಟ್ಟು ಗುರುತು ಹಾಕುವುದು. ಸ್ಕೇಲು ಬೇಕಾಗುವುದಿಲ್ಲ, ಮಗುವೇ ಅಳೆದುಕೊಳ್ಳುತ್ತದೆ. ತಲೆಯ ಭಾಗ ತೋರುಬೆರಳಿಗೆ, ಎರಡು ಕೈಗಳು ಹೆಬ್ಬೆರಳಿಗೂ ನಡುಬೆರಳಿಗೂ; ಅವಕ್ಕೂ ಇದೇ ಲೆಕ್ಕ.

ಹೊಲಿಯುವ ಕ್ರಮ

ಕಣ್ಣಿನ ಗುಂಡಿಗಳನ್ನು ಎರಡು ತುಂಡು ಜೋಡಿಸುವ ಮೊದಲೇ ಹಾಕಬೇಕು, ಇಲ್ಲವಾದರೆ ಗುಂಡಿಯೊಂದಿಗೆ ಹಿಂಬದಿಯೂ ಹೊಲಿದುಹೋಗಿ ಬೆರಳಿಗೆ ದಾರಿಯಿರುವುದಿಲ್ಲ. ಅನಂತರ ಸೀದಾ ಮೈಗಳನ್ನು ಒಳಕ್ಕೆ, ಉಲ್ಟಾ ಮೈಗಳನ್ನು ಹೊರಕ್ಕೆ ಇಟ್ಟು, ಕೆಳಬದಿಯನ್ನು ಬಿಟ್ಟು ಹೊಲಿಯಬೇಕು. ಇಷ್ಟಪಟ್ಟು ಮಾಡಿದ ಮುಖ ಮಾಯವಾಯಿತೆಂದು ಒಬ್ಬಳು ಅತ್ತೇಬಿಟ್ಟಳು. ಹಾಗಾಗಿ ಹೊಲಿಯುವ ಮುನ್ನವೇ ಒಂದು ತಲೆದಿಂಬಿನ ಕವರನ್ನು ಒಳಹೊರಗು ಮಾಡಿ ತೋರಿಸುವುದು ಒಳ್ಳೆಯದು. ಫೆಲ್ಟ್ ಬಟ್ಟೆಯಾದರೆ ಎಳೆ ಬಿಡುವುದಿಲ್ಲ, ಸೀದಾ ಮೈಯಲ್ಲೇ ಹೊಲಿಯಬಹುದು. ಆಗ ಮಕ್ಕಳು ದಾರವನ್ನು ಅಂಚಿನ ಮೇಲೆ ಸುತ್ತಿ ತಂದರೂ ತಪ್ಪೆನ್ನಬೇಡಿ, ಅದೂ ಗಟ್ಟಿಯಾದ ಹೊಲಿಗೆಯೇ.

ತಲೆಯೂ ಕೈಯೂ ಸೇರುವ ಮೂಲೆಯಲ್ಲಿ, ಹೊಲಿಗೆಗೆ ತಾಗದಂತೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ತಿರುಗಿಸಿದರೆ ಕುತ್ತಿಗೆ ಸುಕ್ಕಾಗುವುದಿಲ್ಲ. ಇದನ್ನು ಶಿಕ್ಷಕರೇ ಮಾಡಬೇಕು. ಕೆಳಬದಿಯನ್ನು ಮಡಚಿ ಹೊಲಿಸುವ ತಾಳ್ಮೆ ಆ ಹೊತ್ತಿಗೆ ಯಾರಲ್ಲೂ ಉಳಿದಿರುವುದಿಲ್ಲವಾದ್ದರಿಂದ, ಕತ್ತರಿಸುವಾಗಲೇ ಗೊಂಬೆಯ ಬುಡವನ್ನು ಹಳೆಯ ಪಂಚೆಯ ಅಂಚಿಗೆ ಸರಿಯಾಗಿ ಇಟ್ಟುಕೊಂಡರೆ ಎಳೆಯೂ ಬಿಡುವುದಿಲ್ಲ, ಗೊಂಬೆಯ ಅಂಗಿಗೆ ಜರಿಯೂ ಬರುತ್ತದೆ.